ಕಲಿಯುವ ಕೈಗೆ ರೇಷ್ಮೆ

ನಮ್ಮ ಪಟ್ಟಣಗಳಲ್ಲಿ ಈಗ ಒಂದು ದಿನದ ಕಲಾಶಿಬಿರಗಳು ನಡೆಯುವುದುಂಟು. ಬೆಳಿಗ್ಗೆ ಕುಂಚ ಹಿಡಿಯಲು ಬಾರದವರು ಸಂಜೆಯ ಹೊತ್ತಿಗೆ ತಾವೇ ಚಿತ್ರ ಬರೆದ ರೇಷ್ಮೆಯ ತುಂಡೊಂದನ್ನು ಮಡಚಿಕೊಂಡು ಮನೆಗೆ ಹೋಗುತ್ತಾರೆ. ಇದನ್ನು ಕಂಡು ನಗುವವರಿದ್ದಾರೆ. ಗುರುವಿನ ಬಳಿ ವರ್ಷಗಟ್ಟಲೆ ದುಡಿದು ಪಡೆಯಬೇಕಾದ ವಿದ್ಯೆ ಒಂದು ಹಗಲಿನಲ್ಲಿ ಬಂದೀತೆ? ಬಾರದ ವಿದ್ಯೆಗಾಗಿ ಬೆಲೆಬಾಳುವ ರೇಷ್ಮೆಯನ್ನು ಕೆಡಿಸುವುದೇಕೆ? ಕಾಗದದ ಮೇಲೆ ಕೈ ಪಳಗಲಿ, ರೇಷ್ಮೆ ಆಮೇಲೆ ಎಂಬುದು ಅವರ ವಾದ. ಈ ವಾದಕ್ಕೆ ಚರಿತ್ರೆ ಕೊಡುವ ಉತ್ತರ ಬೇರೆಯಾಗಿದೆ.

ಮೊದಲು ರೇಷ್ಮೆಯ ಸ್ವಭಾವವನ್ನು ನೋಡೋಣ. ಹುಳು ನೂಲುವ ಎಳೆಯಲ್ಲಿ ಎರಡು ವಸ್ತುಗಳಿವೆ: ಒಳಗೆ ಫೈಬ್ರಾಯಿನ್ ಎಂಬ ತಂತು, ಹೊರಗೆ ಸೆರಿಸಿನ್ ಎಂಬ ಅಂಟು. ಸಾಬೂನಿನ ನೀರಿನಲ್ಲಿ ಕುದಿಸಿ ಅಂಟನ್ನು ಕಳೆದರೆ ತೂಕದಲ್ಲಿ ಕಾಲುಭಾಗದಷ್ಟು ಹೋಗುತ್ತದೆ. ಹೊಳಪೂ ನಯವೂ ಬರುತ್ತವೆ. ಇಂಥ ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು ಒಂದು ಹನಿ ಬಣ್ಣವಿಟ್ಟರೆ ಅದು ಇಟ್ಟಲ್ಲಿ ನಿಲ್ಲದು. ಎಳೆಗಳ ದಾರಿ ಹಿಡಿದು ನಾಲ್ಕೂ ಕಡೆಗೆ ಹರಿಯುತ್ತದೆ. ಹರಿದದ್ದನ್ನು ಅಳಿಸುವ ಉಪಾಯವಿಲ್ಲ. ಆದ್ದರಿಂದ ಹರಿಯುವ ಬಣ್ಣಕ್ಕೆ ಎಲ್ಲೆ ಕಟ್ಟುವುದೇ ಈ ಕಲೆಯ ಮೊದಲ ಪಾಠ.

ಎಲ್ಲೆ ಕಟ್ಟಲು ಮನುಷ್ಯ ಎರಡು ಮಾರ್ಗಗಳನ್ನು ಕಂಡುಕೊಂಡ. ಚೀನದ ಚಿತ್ರಕಾರರು ಪಟಿಕ ಮತ್ತು ಅಂಟಿನ ನೀರನ್ನು ಬಟ್ಟೆಗೆಲ್ಲ ಸವರಿ, ಬಣ್ಣವನ್ನು ಕುಡಿಯುವ ಅದರ ಗುಣವನ್ನೇ ತಗ್ಗಿಸಿದರು. ಆ ದೇಶದ ಚಾಂಗ್‌ಶಾ ನಗರದ ಬಳಿ ಮಾವಾಂಗ್‌ದುಯಿ ಎಂಬಲ್ಲಿ 1972ರಲ್ಲಿ ಅಗೆದ ಸಮಾಧಿಯಲ್ಲಿ ಕ್ರಿಸ್ತಪೂರ್ವ ಎರಡನೆಯ ಶತಮಾನದ ರೇಷ್ಮೆಯ ಚಿತ್ರಪಟವೊಂದು ದೊರೆಯಿತು. ಅದರಲ್ಲಿಯೂ ಮಸಿಯ ರೇಖೆಯೇ ರೂಪವನ್ನು ಹಿಡಿದು ನಿಲ್ಲಿಸಿದೆ. ಬಣ್ಣ ರೇಖೆಯೊಳಗೆ ತುಂಬಿದೆ. ಎರಡನೆಯ ಮಾರ್ಗ, ಮೇಣದಿಂದಲೋ ಅಂಟಿನಿಂದಲೋ ರೇಖೆಯನ್ನೇ ಒಡ್ಡಿನಂತೆ ಕಟ್ಟಿ ಅದರೊಳಗೆ ಬಣ್ಣವನ್ನು ಹರಿಯಬಿಡುವುದು. ಇಂದಿನ ಶಿಬಿರಗಳಲ್ಲಿ ಕಲಿಸುವುದು ಇದನ್ನು. ಮಲಯ ನಾಡಿನ ಮರದ ಹಾಲಿನಿಂದಾದ ಗಟ್ಟಾ ಎಂಬ ಅಂಟಿನಿಂದ ರೇಖೆ ಎಳೆದು, ಒಣಗಿಸಿ, ಬಣ್ಣ ತುಂಬಿ, ಕಡೆಗೆ ಹಬೆಯ ಅಥವಾ ಇಸ್ತ್ರಿಯ ಕಾವಿನಿಂದ ಅದನ್ನು ನಿಲ್ಲಿಸುತ್ತಾರೆ. ರೇಖೆಯಲ್ಲಿ ಸೂಜಿಯ ಮೊನೆಯಷ್ಟು ಸಂದಿ ಉಳಿದರೂ ಕೆರೆಯ ಏರಿ ಒಡೆದಂತೆ ಬಣ್ಣ ಹೊರಗೆ ನುಗ್ಗುತ್ತದೆ.

ರೇಖೆ ಮೊದಲು, ಬಣ್ಣ ಆಮೇಲೆ ಎಂಬ ಕ್ರಮ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸ ಗೋಡೆಯ ಚಿತ್ರದ ವಿಧಾನವನ್ನು ವಿವರವಾಗಿ ಹೇಳುತ್ತದೆ. ಕಾಡಿಗೆಯನ್ನು ಅನ್ನದೊಡನೆ ಅರೆದು ಮಾಡಿದ ಕಡ್ಡಿಯಿಂದ ಮೊದಲು ರೂಪವನ್ನು ಗುರುತಿಸಬೇಕು. ಬಣ್ಣದ ಮಾತು ಅನಂತರದ್ದು.

ನಮ್ಮಲ್ಲಿ ರೇಷ್ಮೆಗೂ ಕೊರತೆಯಿಲ್ಲ. ಟಿಪ್ಪು ಸುಲ್ತಾನ 1780ರ ದಶಕದಲ್ಲಿ ಬಂಗಾಳದಿಂದ ಹುಳುಗಳನ್ನು ತರಿಸಲು ಏರ್ಪಾಡು ಮಾಡಿದ. 1912ರಲ್ಲಿ ಮೈಸೂರಿನಲ್ಲಿ ಸರ್ಕಾರದ ರೇಷ್ಮೆ ನೇಯ್ಗೆಯ ಕಾರ್ಖಾನೆ ಆರಂಭವಾಯಿತು. ದೇಶದಲ್ಲಿ ಅತಿ ಹೆಚ್ಚು ಕಚ್ಚಾ ರೇಷ್ಮೆ ಒದಗಿಸುವ ರಾಜ್ಯ ಇಂದು ಕರ್ನಾಟಕ. ರೇಷ್ಮೆಯೂ ಉಂಟು, ರೇಖೆಯ ಶಾಸ್ತ್ರವೂ ಉಂಟು. ಉಳಿಯುವ ಪ್ರಶ್ನೆ ಒಂದೇ: ಹೊಸಬನ ಕೈಗೆ ಅದನ್ನು ಯಾವಾಗ ಕೊಡಬೇಕು?

ಇದಕ್ಕೆ ಉತ್ತರ ಕಲ್ಲಿನಲ್ಲಿದೆ. ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆ ಬಯಲುನಾಡು ಮಲೆನಾಡನ್ನು ಸಂಧಿಸುವ ಎಡೆ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಇಲ್ಲಿಯ ತರೀಕೆರೆಯ ಬಳಿಯ ಅಮೃತಾಪುರದಲ್ಲಿ, ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಅವನ ದಂಡನಾಯಕನೊಬ್ಬ ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದ. ಅಲ್ಲಿಯ ಶಾಸನ ಕವಿ ಜನ್ನನ ರಚನೆ. ಅಂದರೆ ಅಕ್ಷರಕ್ಕೆ ಕಾಲದ ಶ್ರೇಷ್ಠ ಕವಿಯನ್ನೇ ಕರೆಸಿದ ದೇವಾಲಯ ಅದು. ಆದರೆ ಅದರ ದೊಡ್ಡ ಮಂಟಪದ ಭುವನೇಶ್ವರಿಗಳ ಮೇಲೆ ಕೆಲಸ ಮಾಡಿದವರಲ್ಲಿ ಒಬ್ಬ ಆಗಿನ್ನೂ ಹೆಸರಿಲ್ಲದ ತರುಣ. ರೂವಾರಿ ಮಲ್ಲಿತಮ್ಮನ ವೃತ್ತಿಜೀವನ ಇಲ್ಲಿಂದ ಮೊದಲಾಯಿತೆಂದು ಕಲೆಯ ಇತಿಹಾಸಕಾರರು ಹೇಳುತ್ತಾರೆ. 1268ರ ಸೋಮನಾಥಪುರದಲ್ಲಿ ನಲವತ್ತರಷ್ಟು ಶಿಲ್ಪಗಳ ಕೆಳಗೆ ಅದೇ ಹೆಸರು ಕಾಣುತ್ತದೆ. ಕೆಲವೆಡೆ ‘ಮಲ್ಲಿ’ ಎಂದು, ಕೆಲವೆಡೆ ಬರಿಯ ‘ಮ’ ಎಂದು. ನಡುವೆ ಎಪ್ಪತ್ತೆರಡು ವರ್ಷಗಳ ಅಂತರ. ಒಂದೇ ಹೆಸರಿನ ಇಬ್ಬರಿದ್ದರೆಂದು ಊಹಿಸಿದರೂ ನನ್ನ ಮಾತಿಗೆ ಬಾಧಕವಿಲ್ಲ.

ಬಳಪದ ಕಲ್ಲು ಗಣಿಯಿಂದ ಬಂದಾಗ ಮೃದು. ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿ. ತಪ್ಪಿ ಬಿದ್ದ ಉಳಿಯ ಏಟನ್ನು ಅದೂ ರೇಷ್ಮೆಯಂತೆ ಮರೆಯದು. ಹಾಗಿದ್ದೂ ಆ ಊರಿನವರು ತರುಣನ ಕೈಗೆ ಬೇಡದ ಬಂಡೆಯನ್ನು ಕೊಡಲಿಲ್ಲ; ದೇವರ ಮಂಟಪದ ಛಾವಣಿಯನ್ನೇ ಕೊಟ್ಟರು. ಎಂಟು ಶತಮಾನಗಳ ಮೇಲೆಯೂ ನಾವು ಕತ್ತೆತ್ತಿ ನೋಡುತ್ತಿರುವುದು ಕಲಿಯುತ್ತಿದ್ದ ಕೈಯ ಕೆಲಸವನ್ನು.

ಒಂದು ದಿನದ ಶಿಬಿರ ಯಾರನ್ನೂ ರೂವಾರಿಯನ್ನಾಗಿ ಮಾಡದು. ಮಲ್ಲಿತಮ್ಮನ ಸುತ್ತ ಹಿರಿಯ ಶಿಲ್ಪಿಗಳಿದ್ದರು, ಮುಂದೆ ದುಡಿಯಲು ದೇವಾಲಯಗಳಿದ್ದವು. ಶಿಬಿರದ ಮರುದಿನ ಕಲಿತವನಿಗೆ ಇವೆರಡೂ ಇರುವುದಿಲ್ಲ. ನಮ್ಮ ಕಾಲದ ಕೊರತೆ ಅಲ್ಲಿದೆಯೇ ಹೊರತು ರೇಷ್ಮೆಯನ್ನು ಬೇಗ ಕೊಟ್ಟದ್ದರಲ್ಲಿ ಅಲ್ಲ. ಹರಿದ ಬಣ್ಣವನ್ನು ತಿರುಗಿ ಕರೆಯಲಾಗದೆಂಬ ಎಚ್ಚರವನ್ನು ಕಾಗದ ಕಲಿಸಲಾರದು. ಅದನ್ನು ರೇಷ್ಮೆಯೇ ಕಲಿಸಬೇಕು, ಮೊದಲನೆಯ ದಿನವೇ ಕಲಿಸಬೇಕು.