ಗಬ್ಬೂರು ಸೀಮೆಯ ಗೃಹಾಲಂಕಾರ

ಗೃಹಾಲಂಕಾರವೆಂದೊಡನೆ ಈಗಿನ ವಿದ್ಯಾವಂತರ ಕಣ್ಣ ಮುಂದೆ ನಿಲ್ಲುವವು ಕೊಂಡು ತರಬೇಕಾದ ಪದಾರ್ಥಗಳು: ಕುರ್ಚಿ, ಮೇಜು, ಪರದೆ, ಪಟ, ಬಣ್ಣದ ಡಬ್ಬಿ. ಅಂಗಡಿಯಿಂದ ತಂದುದನ್ನು ಮನೆಯೊಳಗೆ ಇಡುವದೇ ಅಲಂಕಾರವೆಂಬ ಈ ಭಾವನೆಯು ಕನ್ನಡನಾಡಿಗೆ ಬಹು ಹಳೆಯದಲ್ಲ. ಹಿಂದಿನವರು ಮನೆಯನ್ನು ಕಟ್ಟುವಾಗಲೇ ಅದರ ಚೆಲುವನ್ನೂ ಕಟ್ಟುತ್ತಿದ್ದರು. ಕಟ್ಟಿದ ಮೇಲೆ ಸೇರಿಸಬೇಕಾದದ್ದು ಸ್ವಲ್ಪವೇ ಉಳಿಯುತ್ತಿತ್ತು. ಕೃಷ್ಣೆ ತುಂಗಭದ್ರೆಗಳ ನಡುವಣ ಎಡೆದೊರೆನಾಡಿನಲ್ಲಿ, ಅಂದರೆ ಈಗಿನ ರಾಯಚೂರು ಸೀಮೆಯಲ್ಲಿ, ಈ ಮಾತಿಗೆ ಸಾಕ್ಷಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ದೇವದುರ್ಗ ತಾಲ್ಲೂಕಿನ ಗಬ್ಬೂರು ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಹಾದಿಯ ಮೇಲಿನ ಊರು. ಹಿಂದೆ ಇದಕ್ಕೆ ಗೋಪುರಗ್ರಾಮವೆಂಬ ಹೆಸರಿತ್ತೆಂದೂ ಇದು ವಿದ್ಯೆಯ ನೆಲೆಯಾಗಿತ್ತೆಂದೂ ಹೇಳುವರು. ಮಳೆ ಶಂಕರ, ವೆಂಕಟೇಶ್ವರ, ಈಶ್ವರ, ಬಂಗಾರ ಬಸಪ್ಪ, ಹನುಮಂತ ಎಂಬ ದೇವರುಗಳ ಗುಡಿಗಳೂ ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳೂ ಇಲ್ಲಿವೆ. ಇತಿಹಾಸಾಸಕ್ತರು ಈ ಊರಿಗೆ ಬಂದರೆ ಗುಡಿಗಳನ್ನು ನೋಡಿ, ಶಾಸನಗಳನ್ನು ಓದಿ ಹೊರಟುಹೋಗುವರು. ಗುಡಿಗೆ ಹೋಗುವ ಓಣಿಯ ಮನೆಗಳ ಬಾಗಿಲುಗಳತ್ತ ಕಣ್ಣು ಹಾಯಿಸುವವರು ವಿರಳ. ಆದರೆ ಗುಡಿಯನ್ನೂ ಮನೆಯನ್ನೂ ಕಟ್ಟಿದ ಬುದ್ಧಿಯು ಒಂದೇ ಎಂಬುದಕ್ಕೆ ಒಂದು ಶಬ್ದವೇ ಸಾಕ್ಷಿಯಾಗಿದೆ. ಆ ಶಬ್ದವು ‘ಅಂಕಣ’.

ಈ ಸೀಮೆಯಲ್ಲಿ ಮನೆಯ ವಿಸ್ತಾರವನ್ನು ಅಡಿ, ಗಜಗಳಿಂದ ಹೇಳುವದಕ್ಕಿಂತ ಅಂಕಣಗಳಿಂದ ಹೇಳುವದೇ ವಾಡಿಕೆ. ಮೂರಂಕಣದ ಮನೆ, ಐದಂಕಣದ ಮನೆ ಎಂದರೆ ಕೇಳಿದವನಿಗೆ ಆ ಮನೆಯ ಆಕಾರವೇ ಕಣ್ಣಿಗೆ ಕಟ್ಟುವದು. ಕಂಬ ಕಂಬಗಳ, ತೊಲೆ ತೊಲೆಗಳ ನಡುವಣ ಎಡೆಯೇ ಅಂಕಣ. ಗುಡಿಯ ನವರಂಗದಲ್ಲಿ ನಡುವೆ ನಾಲ್ಕು ಕಂಬಗಳು ನಿಂತು ಒಂಬತ್ತು ಅಂಕಣಗಳಾಗುವವು. ಮನೆಯ ಪಡಸಾಲೆಯಲ್ಲಿಯೂ ಲೆಕ್ಕವು ಅದೇ. ಕಲ್ಲಿನ ತೊಲೆಯಾದರೆ ಬಿರುಕು ಬಿಡದೆ ಎಷ್ಟು ದೂರ ನಿಲ್ಲಬಲ್ಲುದು, ಮರದ ತೊಲೆಯಾದರೆ ಬಾಗದೆ ಎಷ್ಟು ಭಾರ ಹೊರಬಲ್ಲುದು ಎಂಬುದರ ಮೇಲೆ ಅಂಕಣದ ಅಳತೆಯು ನಿಲ್ಲುವದು. ದೊಡ್ಡ ಮರ ವಿರಳವಾದ ಈ ಬಯಲುಸೀಮೆಯಲ್ಲಿ ಆ ಅಳತೆಯು ಸಹಜವಾಗಿಯೇ ಕಿರಿದು. ಮನೆಯೊಳಗಿನ ಎಲ್ಲ ಪ್ರಮಾಣಗಳೂ ಇದರಿಂದಲೇ ಹುಟ್ಟಿದವು. ತೊಟ್ಟಿಲು ತೂಗುವದು ತೊಲೆಗೆ, ಹಾಸಿಗೆ ಹಾಸುವದು ಅಂಕಣಕ್ಕೆ, ಅತಿಥಿಗಳು ಕೂಡ್ರುವದು ಕಂಬದಿಂದ ಕಂಬಕ್ಕೆ. ಕೋಣೆಗೂ ಅದರೊಳಗಿನ ವಸ್ತುವಿಗೂ ಹೊಂದಿಕೆಯಿರಬೇಕೆಂದು ಇಂದಿನ ಗ್ರಂಥಗಳು ಹೇಳುವ ಸೂತ್ರವು ಇಲ್ಲಿ ಬಡಿಗನ ಕೈಯಲ್ಲಿಯೇ ಇತ್ತು.

ಅಲಂಕಾರವು ಎಲ್ಲಿರಬೇಕು, ಎಲ್ಲಿರಬಾರದು ಎಂಬ ವಿವೇಕವನ್ನೂ ಗುಡಿಗಳಿಂದ ತಿಳಿಯಬಹುದು. ಚಾಲುಕ್ಯ ಶೈಲಿಯ ಗುಡಿಯ ಒಳಹೊಕ್ಕವನಿಗೆ ಮೊದಲು ತೋರುವದು ಕತ್ತಲೆ. ಕಣ್ಣು ಹೊಂದಿದ ಮೇಲೆ ತಿರುಗಣಿಯಲ್ಲಿ ಕಡೆದಂತಿರುವ ನುಣುಪಾದ ಕಂಬಗಳು ಬಾಗಿಲಿನ ಬೆಳಕನ್ನು ಹಿಡಿದು ಹೊಳೆಯುವವು. ಒಳಗೋಡೆಗಳು ಬಹುಮಟ್ಟಿಗೆ ಬರಿಯವು. ಶಿಲ್ಪಿಯು ತನ್ನ ಕೈಚಳಕವನ್ನೆಲ್ಲ ಬಾಗಿಲವಾಡದ ಮೇಲೆ, ಕಂಬಗಳ ಮೇಲೆ, ನಡು ಅಂಕಣದ ಮೇಲ್ಛಾವಣಿಯ ಕಮಲದ ಮೇಲೆ ಸುರಿದಿರುವನು. ಗರ್ಭಗುಡಿಯ ಬಾಗಿಲಿಗೆ ಒಂದರೊಳಗೊಂದು ಪಟ್ಟಿಕೆಗಳು, ಅದರ ನೆತ್ತಿಯ ಮೇಲೆ ಗಜಲಕ್ಷ್ಮಿ. ಗೋಡೆಯ ಉಳಿದ ಭಾಗಕ್ಕೆ ಏನೂ ಇಲ್ಲ. ಕಣ್ಣಿಗೆ ವಿಶ್ರಾಂತಿಯಿಲ್ಲದೆ ಅಲಂಕಾರಕ್ಕೆ ಬೆಲೆಯಿಲ್ಲವೆಂಬುದನ್ನು ಆ ಕಾಲದ ಕಲ್ಲುಕುಟಿಗರು ಬಲ್ಲವರಾಗಿದ್ದರು.

ಇದೇ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು (1126–1138) ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು, ‘ಅಭಿಲಷಿತಾರ್ಥ ಚಿಂತಾಮಣಿ’ಯೆಂಬ ಇನ್ನೊಂದು ಹೆಸರಿನಿಂದಲೂ ಪ್ರಸಿದ್ಧವಾದುದು, ಈ ವಿಷಯದಲ್ಲಿ ಬೆಲೆಯುಳ್ಳದ್ದು. ಅರಸನು ಅನುಭವಿಸಬೇಕಾದ ಇಪ್ಪತ್ತು ಉಪಭೋಗಗಳನ್ನು ಎಣಿಸುವಾಗ ಅವನು ಮನೆಗೇ ಮೊದಲನೆಯ ಸ್ಥಾನವನ್ನು ಕೊಟ್ಟಿರುವನು. ಆಸನ, ಶಯ್ಯೆ, ಧೂಪಗಳೂ ಆ ಎಣಿಕೆಯಲ್ಲಿ ಸೇರಿವೆ. ಚಿತ್ರ ಬರೆಯುವ ಗೋಡೆಯನ್ನು ಸಿದ್ಧಗೊಳಿಸುವ ಕ್ರಮವನ್ನು ಅವನು ಹೇಳಿರುವ ರೀತಿಯು ಬಹು ಸ್ವಾರಸ್ಯಕರವಾಗಿದೆ. ಗೋಡೆಯು ಮೊದಲು ಸುಣ್ಣದ ಗಾರೆಯಿಂದ ನುಣುಪಾಗಿ, ಕುಳಿಯಿಲ್ಲದೆ ಇರಬೇಕು. ಎಮ್ಮೆಯ ಹಸಿಯ ತೊಗಲನ್ನು ಬೆಣ್ಣೆಯಂತಾಗುವವರೆಗೆ ನೀರಿನಲ್ಲಿ ಕುದಿಸಿ, ಬಿಸಿಲಿನಲ್ಲಿ ಒಣಗಿಸಿ ಮಾಡಿದ ವಜ್ರಲೇಪವೆಂಬ ಅಂಟನ್ನು ಮತ್ತೆ ಕಾಯಿಸಿ, ಬಿಳಿಯ ಮಣ್ಣಿನೊಡನೆ ಕಲಸಿ, ಒಣಗಿದ ಗೋಡೆಗೆ ಮೂರು ಸಲ ಬಳಿಯಬೇಕು. ಚಿತ್ರದ ಮಾತು ಆ ಮೇಲೆ! ಅದರ ವಾಸನೆಯು ಕಲ್ಯಾಣದ ಅರಮನೆಯಲ್ಲಿ ಎಷ್ಟು ದಿನ ನಿಂತಿತೋ, ದೊರೆಯು ಬರೆದಿಲ್ಲ. ಆದರೆ ಬಣ್ಣಕ್ಕಿಂತ ಗೋಡೆಯು ಮೊದಲು ಎಂಬ ಅವನ ಕ್ರಮವು ಇಂದಿಗೂ ನಡೆಯತಕ್ಕದ್ದೇ.

ಈ ಗ್ರಂಥವು ದೊರೆಗಳಿಗೆಂದು ಬರೆದುದು. ಅದರಲ್ಲಿ ಹೇಳಿದುದೆಲ್ಲ ಗಬ್ಬೂರಿನಂಥ ಊರಿನ ಒಕ್ಕಲಿಗನ ಮನೆಯಲ್ಲಿತ್ತೆಂದು ತಿಳಿಯುವದು ತಪ್ಪಾದೀತು. ಆದರೂ ಸೋಮೇಶ್ವರನು ಚಿತ್ರಗಳ ಭೇದಗಳನ್ನು ಹೇಳುವಾಗ ಬಣ್ಣದ ಪುಡಿಗಳಿಂದ ಬರೆಯುವ ಧೂಳಿಚಿತ್ರವನ್ನೂ ಹೇಳಿರುವನು. ಅರಮನೆಯ ಚಿತ್ರಶಾಲೆಯ ಗೋಡೆಗಳು ಬಿದ್ದು ಎಷ್ಟೋ ಶತಮಾನಗಳಾದವು. ಧೂಳಿಚಿತ್ರವು ಮಾತ್ರ ರಂಗೋಲಿಯೆಂಬ ಹೆಸರಿನಿಂದ, ಪ್ರತಿದಿನ ಅಳಿಸಿಹೋಗುತ್ತಲೇ, ಹೊಸ್ತಿಲ ಮುಂದೆ ಉಳಿದುಕೊಂಡು ಬಂದಿದೆ.

ಇನ್ನು ಈ ಸೀಮೆಯ ಹಳೆಯ ಮನೆಯನ್ನು ಹೊಕ್ಕು ನೋಡುವದು ಯುಕ್ತವು. ಹೊರಗೆ ಕಟ್ಟೆ; ಕಟ್ಟೆಯ ಆಚೆ ತಲಬಾಗಿಲು. ಕೆತ್ತನೆಯ ಕೆಲಸವೇನಾದರೂ ಇದ್ದರೆ ಅದು ಗುಡಿಯಲ್ಲಿರುವಂತೆ ಬಾಗಿಲವಾಡದಲ್ಲಿಯೇ: ನೆತ್ತಿಯ ಮೇಲೆ ಗಣಪತಿ ಅಥವಾ ಗಜಲಕ್ಷ್ಮಿ, ಇಕ್ಕೆಲಗಳಲ್ಲಿ ಬಳ್ಳಿ, ಕದಕ್ಕೆ ಹಿತ್ತಾಳೆಯ ಮೊಗ್ಗುಗಳು. ಹೊಸ್ತಿಲಿಗೆ ಅರಿಷಿಣ ಕುಂಕುಮ. ಒಳಗೆ ದನಗಳಿಗೆ ತಗ್ಗಿನ ನೆಲ, ಜನರಿಗೆ ಎತ್ತರದ ಪಡಸಾಲೆ; ಗೋಡೆಯನ್ನು ಅಡ್ಡ ಹಾಕದೆ ನೆಲದ ಏರಿಳಿತದಿಂದಲೇ ಸ್ಥಳವನ್ನು ವಿಂಗಡಿಸುವ ಈ ಉಪಾಯವು ಮೆಚ್ಚತಕ್ಕದ್ದು. ಗೋಡೆಗಳು ಕಲ್ಲು ಮಣ್ಣಿನವು, ಎರಡು ಮೂರು ಅಡಿಗಳಷ್ಟು ದಪ್ಪ. ಮೇಲೆ ತೊಲೆ, ಜಂತಿ, ಅವುಗಳ ಮೇಲೆ ಕಟ್ಟಿಗೆಯ ಚಕ್ಕೆ ಅಥವಾ ಕಡ್ಡಿಗಳ ಹಾಸು, ಅದರ ಮೇಲೆ ಮಳೆಯ ನೀರನ್ನು ಇಳಿಯಗೊಡದ ಸವುಳು ಮಣ್ಣಿನ ಮೇಲ್ಮುದ್ದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವ ಈ ಸೀಮೆಯಲ್ಲಿ ಇಂಥ ಮಾಳಿಗೆಯ ಕೆಳಗೆ ಮಧ್ಯಾಹ್ನವನ್ನು ಕಳೆದವರಿಗೆ ಅದರ ಗುಣವನ್ನು ವರ್ಣಿಸಿ ಹೇಳಬೇಕಾಗಿಲ್ಲ.

ಗೋಡೆಗೆ ಕಿಟಕಿಗಳು ಕಡಿಮೆ. ಬೆಳಕು ಬರುವದು ಮಾಳಿಗೆಯ ಬೆಳಕಿಂಡಿಯಿಂದ. ಅದು ಅಡಿಗೆಯ ಮನೆಯಲ್ಲಿ ಒಲೆಯ ಹತ್ತಿರ, ನಡುಮನೆಯಲ್ಲಿ ಬೀಸುವ ಕಲ್ಲಿನ ಹತ್ತಿರ, ಅಂದರೆ ಕೆಲಸವಿರುವಲ್ಲಿ ಬೀಳುವಂತೆ ಇರುವದು. ಹೊತ್ತು ಏರಿದಂತೆ ಆ ಬೆಳಕಿನ ಬಿಲ್ಲೆಯು ನೆಲದ ಮೇಲೆ ಸರಿಯುವದು. ಮನೆಯ ಹೆಣ್ಣುಮಕ್ಕಳಿಗೆ ಅದೇ ಗಡಿಯಾರ.

ಈ ಮನೆಯ ಒಳಾಲಂಕಾರದ ಜೀವಾಳವೆಂದರೆ ಗೋಡೆಯ ದಪ್ಪದಲ್ಲಿ ಕೊರೆದಂತೆ ಬಿಟ್ಟ ಮಾಡಗಳು. ತಲಬಾಗಿಲಿನ ಎಡಬಲಗಳಲ್ಲಿ ದೀಪದ ಮಾಡ, ಪಡಸಾಲೆಯಲ್ಲಿ ಎಲೆಡಿಕೆಯ ತಟ್ಟೆಗೆ ಮಾಡ, ದೇವರ ಜಗಲಿಯ ಮೇಲೆ ದೊಡ್ಡ ಮಾಡ. ಪೆಟ್ಟಿಗೆ, ಕಪಾಟುಗಳು ಕೋಣೆಯ ನೆಲವನ್ನು ತಿನ್ನುವವು. ಮಾಡವು ಗೋಡೆಯೊಳಗೆ ಅಡಗಿ ನೆಲವನ್ನು ಬಿಟ್ಟುಕೊಡುವದು. ಗೋಡೆಯ ಮೇಲೆ ನಾಗೊಂದಿಗೆ, ತೊಲೆಗೆ ನೆಲುವು, ರುಮಾಲು ಅಂಗಿಗಳಿಗೆ ಗಿಳಿಗೂಟ. ಕೆಲಸಕ್ಕೆ ಬಾರದ ವಸ್ತುವು ಕಾಣಸಿಗದು. ಕೆಲಸಕ್ಕೆ ಬರುವ ವಸ್ತುವಿಗೆ ಗಿಳಿಯ ಕೊಕ್ಕನ್ನು ಕೊಡಲು ಬಡಿಗನು ಬೇಸರಪಟ್ಟವನಲ್ಲ. ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ, ನೆಲಕ್ಕೆ ಸಗಣಿಯ ಸಾರಣೆ: ಬಿಳುಪು, ಕೆಂಪು, ಹಸುರುಗಪ್ಪು ಈ ಮೂರೇ ಮನೆಯ ಸ್ಥಾಯಿಯಾದ ಬಣ್ಣಗಳು. ಉಳಿದ ಬಣ್ಣವೆಲ್ಲ ಬಂದು ಹೋಗುವದು. ಹಳೆಯ ಸೀರೆಗಳ ತುಂಡುಗಳಿಂದ ಹೊಲಿದ ಕೌದಿಯು ರಾತ್ರಿ ಹಾಸಲ್ಪಟ್ಟು ಬೆಳಿಗ್ಗೆ ಮಡಿಕೆಯಾಗುವದು. 1997ರವರೆಗೆ ಇದೇ ಜಿಲ್ಲೆಗೆ ಸೇರಿದ್ದು ಈಗ ಕೊಪ್ಪಳ ಜಿಲ್ಲೆಗೆ ಸೇರಿದ ಕಿನ್ನಾಳದ ಚಿತ್ರಗಾರರು ಹಗುರಾದ ಮರದಲ್ಲಿ ಕಡೆದು, ತವರದ ತಗಡಿನ ಹೊಳಪಿನ ಮೇಲೆ ಬಣ್ಣ ಹಚ್ಚಿದ ಗೊಂಬೆಗಳು ಹಬ್ಬಕ್ಕೆ ಹೊರಬಂದು, ಹಬ್ಬ ಕಳೆದ ಮೇಲೆ ಬಟ್ಟೆಯಲ್ಲಿ ಸುತ್ತಲ್ಪಟ್ಟು ಪೆಟ್ಟಿಗೆ ಸೇರುವವು. ಜಪಾನಿನ ಮನೆಗಳಲ್ಲಿ ತೊಕೊನೊಮವೆಂಬ ಒಂದು ಗೂಡಿನಲ್ಲಿ ಒಂದು ಚಿತ್ರ, ಒಂದು ಹೂವನ್ನಿಟ್ಟು, ಋತುವಿಗೆ ತಕ್ಕಂತೆ ಅದನ್ನು ಬದಲಿಸುವದನ್ನು ಲೋಕವೆಲ್ಲ ಕೊಂಡಾಡುವದು. ಗಬ್ಬೂರು ಸೀಮೆಯ ಮಾಡಕ್ಕೆ ಅಂಥ ಕೀರ್ತಿ ಬರಲಿಲ್ಲ.

ಹಾಗೆಂದು ಹಳೆಯದೆಲ್ಲ ಹೊನ್ನೆಂದು ಹೇಳುವದು ನ್ಯಾಯವಲ್ಲ. ಈ ಚೆಲುವು ಪುಕ್ಕಟೆಯಾಗಿ ಬರಲಿಲ್ಲ. ಅದರ ಬೆಲೆಯನ್ನು ಹೆಣ್ಣುಮಕ್ಕಳ ಮೈಯು ಕೊಟ್ಟಿತು. ನೆಲವನ್ನು ಸಾರಿಸುವದು, ಗೋಡೆಗೆ ಸುಣ್ಣ ಬಳಿಯುವದು, ಹಬ್ಬಕ್ಕೆ ಮುಂಚೆ ಕೆಮ್ಮಣ್ಣನ್ನು ತಂದು ಕದಡುವದು ಇವೆಲ್ಲ ಅವರ ಪಾಲಿನ ದುಡಿಮೆ. ಮಳೆಗಾಲಕ್ಕೆ ಮೊದಲು ಮೇಲ್ಮುದ್ದೆಗೆ ಹೊಸ ಮಣ್ಣನ್ನು ಹಾಕದಿದ್ದರೆ ತೊಲೆಯು ನೆನೆದು ಕೊಳೆಯುವದು. ಒಂದೆರಡು ವರ್ಷ ಅಲಕ್ಷಿಸಿದ ಮನೆಯು ಮಲಗಿಬಿಡುವದು. ಕಿಟಕಿಯಿಲ್ಲದ ಅಡಿಗೆಮನೆಯ ಹೊಗೆಯು ಬೆಳಕಿಂಡಿಯಿಂದ ಹೋಗುವಷ್ಟೇ ಕಣ್ಣಿಗೂ ಹೋಗುತ್ತಿತ್ತು. ಕೆತ್ತಿದ ಬಾಗಿಲವಾಡವಾದರೋ ದೇಸಾಯಿ, ಗೌಡ, ಸಾಹುಕಾರರ ವಾಡೆಗಳಿಗೆ ಸಲ್ಲುವದು. ಒಂದಂಕಣದ ಗುಡಿಸಲಿನವರಿಗೆ ಅಲಂಕಾರವೆಂದರೆ ಸಾರಣೆಯೂ ರಂಗೋಲಿಯೂ ಒಂದು ಮಾಡದ ದೀಪವೂ ಅಷ್ಟೇ.

ಈ ಕ್ರಮಕ್ಕೆ ಮೊದಲ ಪೆಟ್ಟು ಬಿದ್ದದ್ದು 1871ರಲ್ಲಿ. ಆ ವರ್ಷ ಮುಂಬಯಿಯ ಕಡೆಯ ರೇಲ್ವೆಯೂ ಮದರಾಸಿನ ಕಡೆಯ ರೇಲ್ವೆಯೂ ರಾಯಚೂರಿನಲ್ಲಿ ಕೂಡಿಕೊಂಡವು. ನಿಜಾಮರ ಆಳಿಕೆಯ ಒಂದು ಮೂಲೆಯಾಗಿದ್ದ ಊರು ಒಮ್ಮೆಗೇ ಎರಡು ಮಹಾನಗರಗಳಿಗೆ ನೆರೆಯಾಯಿತು. ಅದೇ ಹಳಿಯ ಮೇಲಿನ ಶಹಾಬಾದದಿಂದ ಫರಸಿಕಲ್ಲು ಸುಲಭವಾಗಿ ಬರತೊಡಗಿತು. ಕಲ್ಲು ಹಾಸಿದ ನೆಲಕ್ಕೆ ಸಾರಣೆ ಬೇಡ. ಗಾಜಿನ ಚಿಮಣಿಯ ಸೀಮೆಯೆಣ್ಣೆಯ ದೀಪವು ಬಂದಿತು. ಅದಕ್ಕೆ ಕಿರಿದಾದ ಮಾಡವು ಸಾಲದು. 1894ರಲ್ಲಿ ರಾಜಾ ರವಿವರ್ಮನು ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದ ಮೇಲೆ ಲಕ್ಷ್ಮೀ ಸರಸ್ವತಿಯರು ಬಣ್ಣದ ಪಟಗಳಾಗಿ, ಕನ್ನಡಿ ಕಟ್ಟಿಸಿಕೊಂಡು, ಊರೂರಿಗೆ ಬಂದರು. ಪಟಕ್ಕೆ ಬೇಕಾದದ್ದು ಮಾಡವಲ್ಲ, ಮೊಳೆ. ಗೋಡೆಯ ಒಳಗಿದ್ದ ಅಲಂಕಾರವು ಗೋಡೆಯ ಮೇಲೆ ಬಂದು ನೇತಾಡಿತು. ದೇವರ ಪಟಗಳ ಸಾಲು, ಅವುಗಳ ಪಕ್ಕದಲ್ಲಿ ತೀರಿಹೋದ ಹಿರಿಯರ ಭಾವಚಿತ್ರಗಳು, ಆ ಮೇಲೆ ನಾಯಕರವು, ತಾರೀಖಿನ ಕ್ಯಾಲೆಂಡರುಗಳು. ಬರಿದಾಗಿದ್ದುಕೊಂಡು ಕಣ್ಣಿಗೆ ತಂಪೀಯುತ್ತಿದ್ದ ಗೋಡೆಯು ತುಂಬಿಹೋಯಿತು. ಆದರೆ ಗುಡಿಯೊಳಗೆ ಪ್ರವೇಶವಿಲ್ಲದಿದ್ದವರ ಮನೆಗೂ ದೇವರು ಬಂದದ್ದು ಆ ಮೊಳೆಯ ಮೇಲೆಯೇ ಎಂಬುದನ್ನು ಮರೆಯಲಾಗದು.

ಕಾಲದ ವಿನೋದವೊಂದನ್ನು ಇಲ್ಲಿ ಹೇಳಬೇಕು. ಪಟಗಳು ಊರೂರಿಗೆ ಹರಡುತ್ತಿದ್ದ ಆ ವರ್ಷಗಳಲ್ಲಿಯೇ, 1897ರಲ್ಲಿ, ಅಮೇರಿಕೆಯಲ್ಲಿ ಈಡಿತ್ ವಾರ್ಟನ್ ಎಂಬ ಲೇಖಕಿಯೂ ಆಗ್ಡೆನ್ ಕಾಡ್ಮನ್ ಎಂಬ ವಾಸ್ತುಶಿಲ್ಪಿಯೂ ಕೂಡಿ ಗೃಹಾಲಂಕಾರವನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದರು. ಪರದೆ, ಝಾಲರಿ, ಅಲ್ಪಸ್ವಲ್ಪ ವಸ್ತುಗಳ ರಾಶಿಯಿಂದ ಕೋಣೆಯನ್ನು ತುಂಬುವದು ಅಲಂಕಾರವಲ್ಲ. ಬಾಗಿಲು, ಕಿಟಕಿ, ಗೋಡೆ, ಛಾವಣಿಗಳ ಪ್ರಮಾಣದಿಂದಲೇ ಕೋಣೆಯು ಚೆಲುವಾಗಬೇಕು ಎಂಬುದು ಅವರ ವಾದದ ತಿರುಳು. ಅಲ್ಲಿಯವರು ಕಷ್ಟಪಟ್ಟು ವಾದಿಸಿ ಹಿಂದಿರುಗಲೆಳಸಿದ ಹಾದಿಯನ್ನು ಇಲ್ಲಿಯವರು ವಾದವಿಲ್ಲದೆ ಬಿಟ್ಟುಬರುತ್ತಿದ್ದರು.

ಎರಡನೆಯ ಪೆಟ್ಟು ನೀರಿನೊಡನೆ ಬಂದಿತು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು, ಕ್ರಮೇಣ ಬಲದಂಡೆಯ ಕಾಲುವೆಯು ದೇವದುರ್ಗ ಸೀಮೆಗೆ ಹರಿದ ಮೇಲೆ ಜೋಳ ಬೆಳೆಯುತ್ತಿದ್ದ ನೆಲದಲ್ಲಿ ಭತ್ತವು ಕಾಣಿಸಿಕೊಂಡಿತು. ಕೈಯಲ್ಲಿ ಹಣವಾಡಿದವರು ಮೇಲ್ಮುದ್ದೆಯನ್ನು ಇಳಿಸಿ ಸಿಮೆಂಟಿನ ಛಾವಣಿಯನ್ನು ಹಾಕಿಸಿದರು. ವರ್ಷ ವರ್ಷ ಮಣ್ಣು ಹೊತ್ತವರು ಹಾಗೆ ಮಾಡಿದುದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಸಿಮೆಂಟಿನ ಮನೆಗೆ ಗೋಡೆಯು ಒಂದು ಗೇಣು ದಪ್ಪವಾದರೆ ಸಾಕು. ಅಷ್ಟು ತೆಳುವಾದ ಗೋಡೆಯಲ್ಲಿ ಮಾಡಕ್ಕೆ ಎಡೆಯಿಲ್ಲ. ಕಬ್ಬಿಣದ ಸಲಾಕೆಯ ಬಲದಿಂದ ಛಾವಣಿಯು ಬೇಕಾದಷ್ಟು ಅಗಲಕ್ಕೆ ನಿಲ್ಲುವದಾದ್ದರಿಂದ ಅಂಕಣದ ಲೆಕ್ಕವೂ ಬೇಡವಾಯಿತು. ಈಗ ಮನೆಯನ್ನು ಹೇಳುವದು ಚದರಡಿಗಳಲ್ಲಿ.

ಹಳೆಯ ಮನೆಗಳು ಬಿಚ್ಚಲ್ಪಡುವಾಗ ತೊಲೆ, ಕಂಬ, ಬಾಗಿಲವಾಡಗಳು ಮಾರಾಟದ ಸರಕಾಗುತ್ತಿವೆ. ಕೊಂಡವರು ಅವುಗಳನ್ನು ದೂರದ ಪಟ್ಟಣಗಳಲ್ಲಿ ಬಂಗಲೆಗಳ ಒಳಗೆ, ಬಾಗಿಲಿಲ್ಲದ ಕಡೆಯಲ್ಲಿ, ಗೋಡೆಗೆ ಆನಿಸಿ ನಿಲ್ಲಿಸುವರು. ಗುಡಿಯ ಕಲ್ಲಿಗೆ ಇಲಾಖೆಯ ಕಾವಲುಂಟು, ಶಾಸನಕ್ಕೆ ಪಡಿಯಚ್ಚುಂಟು; ಮನೆಯ ಒಳನೆಲದ ಏರಿಳಿತ, ಮಾಡಗಳ ಸ್ಥಾನ, ಬೆಳಕಿಂಡಿಯ ಅಳತೆ ಇವುಗಳನ್ನು ಬರೆದಿಡುವವರು ಕಡಿಮೆ.

ಅಳಿದುಳಿದುದು ಇಲ್ಲದಿಲ್ಲ. ಹೊಸ ಮನೆಗಳ ತಲಬಾಗಿಲಿನ ನೆತ್ತಿಯ ಮೇಲೆ, ಗುಡಿಯ ಬಾಗಿಲವಾಡದಲ್ಲಿ ಇದ್ದ ಎಡೆಯಲ್ಲಿಯೇ, ಗಜಲಕ್ಷ್ಮಿಯು ಟೈಲ್ಸೆಂದು ಕರೆಯುವ ಹೊಳಪಿನ ಹಂಚಿನಲ್ಲಿ ಮೂಡಿ ಕುಳಿತಿರುವಳು. ಹೊಸ್ತಿಲಿನ ಮುಂದೆ ಸಗಣಿ ಸಾರಿಸುವ ನೆಲವಿಲ್ಲ. ಆದರೂ ಸಿಮೆಂಟಿನ ಮೇಲೆ ನೀರು ಚಿಮುಕಿಸಿ ರಂಗೋಲಿಯನ್ನು ಹಾಕುವರು. ಕೆಲವು ಮನೆಗಳವರು ಅದನ್ನು ಎಣ್ಣೆಬಣ್ಣದಿಂದ ಒಂದೇ ಸಲಕ್ಕೆ ಬರೆದುಬಿಟ್ಟಿರುವರು. ಅದು ಅಳಿಸುವದಿಲ್ಲ, ಮರುದಿನ ಬೆಳಿಗ್ಗೆ ಅದಕ್ಕಾಗಿ ಯಾರೂ ಬಾಗಬೇಕಾಗಿಯೂ ಇಲ್ಲ.