ರಕ್ತನಾಳದ ಅಡಚಣೆ: ಕಂಡರೆ ಸಾಲದು, ಅಳೆಯಬೇಕು

ಗೌನಿಪಲ್ಲಿ: ಎದೆನೋವಿನ ಕಾರಣ ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿ ಭಾಗದಿಂದ ಕೋಲಾರಕ್ಕೋ ಬೆಂಗಳೂರಿಗೋ ತೆರಳಿ ಆಂಜಿಯೋಗ್ರಾಂ ಮಾಡಿಸಿಕೊಂಡ ಕುಟುಂಬಗಳಿಗೆ ಎದುರಾಗುವ ಪ್ರಶ್ನೆ ಒಂದೇ: 'ಶೇ 60ರಷ್ಟು ಬ್ಲಾಕ್ ಇದೆಯಂತೆ, ಸ್ಟೆಂಟ್ ಹಾಕಿಸಬೇಕೇ?' ಇದಕ್ಕೆ ಕಣ್ಣಳತೆಯ ಬದಲು ರಕ್ತದ ಒತ್ತಡದ ಅಳತೆಯಿಂದ ಉತ್ತರ ಕಂಡುಕೊಳ್ಳುವ ಪರೀಕ್ಷೆಯೇ ಎಫ್‌ಎಫ್‌ಆರ್.

ಏನಿದು ಪರೀಕ್ಷೆ?

ಆಂಜಿಯೋಗ್ರಾಂನಲ್ಲಿ ಕಾಣುವುದು ರಕ್ತನಾಳದ ನೆರಳು ಮಾತ್ರ. ಹನಿ ನೀರಾವರಿಯ ಪೈಪು ಒಂದೆಡೆ ಅಮುಕಿದ್ದರೂ ಕೊನೆಯ ಗಿಡಕ್ಕೆ ನೀರು ಸಾಕಷ್ಟು ತಲುಪುತ್ತಿರಬಹುದು. ಹೃದಯದ ವಿಷಯದಲ್ಲೂ ಹಾಗೆಯೇ. ರಕ್ತನಾಳ ಎಷ್ಟು ಕಿರಿದಾಗಿದೆ ಎಂಬುದಕ್ಕಿಂತ, ಅದರಾಚೆಗೆ ರಕ್ತ ಎಷ್ಟು ತಲುಪುತ್ತಿದೆ ಎಂಬುದು ಮುಖ್ಯ.

ಅಳೆಯುವ ಬಗೆ

ತುದಿಯಲ್ಲಿ ಒತ್ತಡಮಾಪಕವಿರುವ ಕೂದಲೆಳೆಯಂಥ ತಂತಿಯನ್ನು ಅಡಚಣೆಯ ಆಚೆಗೆ ದಾಟಿಸಲಾಗುತ್ತದೆ. ಅಡಿನೋಸಿನ್ ಔಷಧಿ ನೀಡಿ ರಕ್ತದ ಹರಿವನ್ನು ಗರಿಷ್ಠ ಮಟ್ಟಕ್ಕೆ ಏರಿಸಲಾಗುತ್ತದೆ. ಆಗ ಸ್ವಲ್ಪ ಹೊತ್ತು ಎದೆಭಾರ, ಏದುಸಿರು ಕಾಣಿಸಿಕೊಳ್ಳಬಹುದು. ಅಡಚಣೆಯಾಚೆಗಿನ ಒತ್ತಡವನ್ನು ಮಹಾಪಧಮನಿಯ ಒತ್ತಡದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಎಫ್‌ಎಫ್‌ಆರ್. ಅದು 0.80 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಸ್ಟೆಂಟ್‌ನಿಂದ ಪ್ರಯೋಜನ ನಿರೀಕ್ಷಿಸಬಹುದು. ಹೆಚ್ಚಿದ್ದರೆ ಸಾಮಾನ್ಯವಾಗಿ ಔಷಧಿಯೇ ಸಾಕು. ಅಡಿನೋಸಿನ್ ಬೇಡದ ಐಎಫ್‌ಆರ್ ಎಂಬ ವಿಧಾನದಲ್ಲಿ ಈ ಗಡಿ 0.89.

ಸಾಕ್ಷ್ಯವೇನು?

ಅಮೆರಿಕ ಮತ್ತು ಯುರೋಪಿನ 20 ಕೇಂದ್ರಗಳಲ್ಲಿ 1,005 ರೋಗಿಗಳ ಮೇಲೆ ನಡೆದ 'ಫೇಮ್' ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಆಂಜಿಯೋಗ್ರಾಂ ನೋಡಿ ಚಿಕಿತ್ಸೆ ಪಡೆದವರಿಗೆ ಸರಾಸರಿ 2.7 ಸ್ಟೆಂಟ್ ಬಿದ್ದರೆ, ಅಳೆದು ಚಿಕಿತ್ಸೆ ಪಡೆದವರಿಗೆ 1.9. ಒಂದು ವರ್ಷದಲ್ಲಿ ಸಾವು, ಹೃದಯಾಘಾತ ಅಥವಾ ಮರುಚಿಕಿತ್ಸೆಗೆ ಒಳಗಾದವರು ಮೊದಲ ಗುಂಪಿನಲ್ಲಿ ಶೇ 18.3, ಎರಡನೆಯದರಲ್ಲಿ ಶೇ 13.2. ಕಣ್ಣಿಗೆ ಶೇ 50ರಿಂದ 70ರಷ್ಟು ಕಂಡ ಅಡಚಣೆಗಳಲ್ಲಿ ರಕ್ತದ ಹರಿವಿಗೆ ನಿಜಕ್ಕೂ ತೊಡಕಾಗಿದ್ದುದು ಶೇ 35 ಮಾತ್ರ. ಶೇ 90 ಮೀರಿದ ಅಡಚಣೆಗಳಲ್ಲಿ ಈ ಪ್ರಮಾಣ ಶೇ 96. ಆದ್ದರಿಂದ ಅಳತೆಯ ಅಗತ್ಯ ಹೆಚ್ಚಾಗಿರುವುದು ಮಧ್ಯಮ ಪ್ರಮಾಣದ ಅಡಚಣೆಗಳಿಗೆ.

ಮಿತಿಗಳು

ಹೃದಯಾಘಾತವಾದಾಗ ಅದಕ್ಕೆ ಕಾರಣವಾದ ರಕ್ತನಾಳವನ್ನು ಅಳೆಯುತ್ತ ಕೂರುವಂತಿಲ್ಲ. ಅದನ್ನು ತಕ್ಷಣ ತೆರೆಯಬೇಕು. ಮೂರೂ ಪ್ರಮುಖ ರಕ್ತನಾಳಗಳಲ್ಲಿ ಅಡಚಣೆಯಿದ್ದವರಲ್ಲಿ, ಅಳೆದು ಹಾಕಿದ ಸ್ಟೆಂಟ್ ಕೂಡ ಬೈಪಾಸ್ ಶಸ್ತ್ರಚಿಕಿತ್ಸೆಗೆ ಸರಿಸಾಟಿಯಾಗಲಿಲ್ಲ ಎಂಬುದು 2021ರ 'ಫೇಮ್ 3' ಅಧ್ಯಯನದಲ್ಲಿ ಕಂಡುಬಂತು.

ಕೇಳಬೇಕಾದ ಪ್ರಶ್ನೆ

ಕೇಂದ್ರ ಸರ್ಕಾರ 2017ರ ಫೆಬ್ರುವರಿಯಲ್ಲಿ ಸ್ಟೆಂಟ್‌ಗಳಿಗೆ ಗರಿಷ್ಠ ಬೆಲೆ ಗೊತ್ತುಪಡಿಸಿತು. ಆದರೆ ಅನಗತ್ಯ ಸ್ಟೆಂಟ್ ಅಗ್ಗವಾದರೂ ಅನಗತ್ಯವೇ. ಅದನ್ನು ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಬಗೆಯ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಬೇಕಾಗುತ್ತದೆ. ಒತ್ತಡಮಾಪಕ ತಂತಿಗೂ ಪ್ರತ್ಯೇಕ ವೆಚ್ಚವಿರುವುದರಿಂದ, ತುರ್ತಿಲ್ಲದ ಸಂದರ್ಭದಲ್ಲಿ ಆಂಜಿಯೋಗ್ರಾಂಗೆ ಮುನ್ನವೇ ವೈದ್ಯರನ್ನು ಹೀಗೆ ಕೇಳಿಕೊಳ್ಳುವುದು ಒಳಿತು: 'ಅಡಚಣೆ ಮಧ್ಯಮ ಪ್ರಮಾಣದಲ್ಲಿ ಕಂಡುಬಂದರೆ ಒತ್ತಡ ಅಳೆದು ನೋಡುತ್ತೀರಾ? ಅದಕ್ಕೆಷ್ಟು ಖರ್ಚು?'