ಕುಸುಬಿ ಎಣ್ಣಿ ಸಿಡ್ನಿಗೆ ಹೋದ ಕಥೆ

ಔರಾದ, ಭಾಲ್ಕಿ ಕಡೆಯ ಎರಿ ಹೊಲಗಳಲ್ಲಿ ಹಿಂಗಾರಿ ಜೋಳದ ಸುತ್ತ ಕುಸುಬಿ ಹಾಕೋದು ಹಳೇ ಪದ್ಧತಿ. ಮುಳ್ಳಿನ ಗಿಡ, ದನ ಒಳಗೆ ಹೊಕ್ಕೋದಿಲ್ಲ. ಬೇಲಿಗೆ ಬೇಲಿ, ಎಣ್ಣಿಗೆ ಎಣ್ಣಿ. ಮರಾಠಿ ಮಾತಾಡುವವರು ಇದನ್ನ ‘ಕರಡಿ’ ಅಂತಾರೆ. ಹೆದರಬೇಡಿ, ಕಾಡಿನದಲ್ಲ!

ಇದೇ ಎಣ್ಣೆ ನಗರದ ಅಂಗಡಿಗಳಲ್ಲಿ ‘ಹಾರ್ಟಿಗೆ ಒಳ್ಳೇದು’ ಅನ್ನಿಸಿಕೊಂಡಿದ್ದು ಹೇಗೆ?

1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟೆರಾಲ್ ತಿನ್ನಿಸಿ, ಅವುಗಳ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟುವುದನ್ನು ತೋರಿಸಿದ. ಹಾಗಂತ ಕೊಲೆಸ್ಟೆರಾಲ್ ವಿಷವಲ್ಲ. ಜೀವಕೋಶದ ಪೊರೆಗೆ, ಹಾರ್ಮೋನಿಗೆ, ಪಿತ್ತರಸಕ್ಕೆ ಅದು ಬೇಕು. ನಮ್ಮ ಲಿವರ್ರೇ ಅದನ್ನ ತಯಾರಿಸುತ್ತೆ. ರಕ್ತದಲ್ಲಿ ಕರಗದ ಕಾರಣ ಎಲ್‌ಡಿಎಲ್ ಎಂಬ ಕಣಗಳಲ್ಲಿ ಓಡಾಡುತ್ತೆ. ಈ ಕಣಗಳು ಹೆಚ್ಚಾದರೆ ರಕ್ತನಾಳದ ಗೋಡೆಗೆ ಸೇರಿ ಗಡ್ಡೆಯಂತೆ ಬೆಳೆಯುತ್ತವೆ. ಅದು ಒಡೆದಾಗ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತೆ. ಅದೇ ಹಾರ್ಟ್ ಅಟ್ಯಾಕ್.

1950ರ ದಶಕದಲ್ಲಿ ಲಿನೊಲೆಯಿಕ್ ಆಮ್ಲವಿರುವ ಎಣ್ಣೆಗಳು ಕೊಲೆಸ್ಟೆರಾಲ್ ಇಳಿಸುತ್ತವೆ ಅಂತ ಗೊತ್ತಾಯ್ತು. ಸಾಂಪ್ರದಾಯಿಕ ಕುಸುಬಿ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಅದೇ. ಸರಿ, 1966ರಲ್ಲಿ ಸಿಡ್ನಿಯಲ್ಲಿ ಪರೀಕ್ಷೆ ಶುರುವಾಯ್ತು. ಹೃದಯದ ತೊಂದರೆ ಆಗಿದ್ದ, 30ರಿಂದ 59 ವಯಸ್ಸಿನ 458 ಗಂಡಸರು. ಒಂದು ಗುಂಪಿಗೆ ಪ್ರಾಣಿಜನ್ಯ ಕೊಬ್ಬಿನ ಬದಲು ಕುಸುಬಿ ಎಣ್ಣೆ ಮತ್ತು ಅದರಿಂದ ಮಾಡಿದ ಮಾರ್ಗರೀನ್ ಕೊಟ್ಟರು. ಕೊಲೆಸ್ಟೆರಾಲ್ ಇಳಿಯಿತು. ಆದರೆ ಆ ಗುಂಪಿನಲ್ಲಿ ಸತ್ತವರು ಶೇ. 17.6, ಇನ್ನೊಂದರಲ್ಲಿ ಶೇ. 11.8. 2013ರಲ್ಲಿ ಹಳೇ ಡೇಟಾ ಹೊರತೆಗೆದು ನೋಡಿದಾಗ ಹೃದ್ರೋಗದ ಸಾವೂ ಹೆಚ್ಚಿತ್ತು. ಮಾರ್ಗರೀನಿನ ಟ್ರಾನ್ಸ್ ಫ್ಯಾಟ್ ಕಾರಣವೋ, ಒಂದೇ ಬಗೆಯ ಕೊಬ್ಬು ಅತಿಯಾಗಿದ್ದು ಕಾರಣವೋ ಅನ್ನೋ ವಾದ ಇನ್ನೂ ಮುಗಿದಿಲ್ಲ.

ಹಾಗಾದರೆ ಎಲ್‌ಡಿಎಲ್ ಇಳಿಸೋದೇ ವ್ಯರ್ಥವಾ? ಅಲ್ಲ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟಿನಿಂದ ಮೊದಲ ಸ್ಟ್ಯಾಟಿನ್ ಹುಡುಕಿದ. 1994ರಲ್ಲಿ 4,444 ಹೃದ್ರೋಗಿಗಳ ಪರೀಕ್ಷೆಯಲ್ಲಿ ಸಿಮ್ವಾಸ್ಟ್ಯಾಟಿನ್ ಮಾತ್ರೆ ಸಾವನ್ನು ಶೇ. 30ರಷ್ಟು ತಗ್ಗಿಸಿತು.

ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದ್ರೆ, ಡ್ಯಾಶ್‌ಬೋರ್ಡಿನಲ್ಲಿ ಒಂದು ಅಂಕಿ ಹಸಿರಾದ ಮಾತ್ರಕ್ಕೆ ಸಿಸ್ಟಮ್ ಸರಿಯಾಯ್ತು ಅಂತಲ್ಲ. ಅಂಕಿಯನ್ನ ಯಾವುದರಿಂದ ಇಳಿಸಿದ್ವಿ ಅನ್ನೋದೂ ಮುಖ್ಯ. ಜೋಳದ ರೊಟ್ಟಿ, ಪಲ್ಯೆದ ಜೊತೆ ಹಿತಮಿತವಾಗಿ ಕುಸುಬಿ ಎಣ್ಣಿ ಇರಲಿ, ರುಚಿಯೂ ಇದೆ. ಆದರೆ ಡಾಕ್ಟರು ಬರೆದ ಮಾತ್ರೆ ಬಿಟ್ಟು ಬಾಟಲಿಯ ಲೇಬಲ್ ನಂಬಬೇಡಿ.